ಅಕ್ಕನ ಮಾತು ತಿಳಿಯದಂತೆ ಇದ್ದ ವರ್ಷ

ನಮ್ಮ ಮನೆಯಲ್ಲಿ ಮಾತಾಡುವವರ ಮುಖ ಬೆಳಕಿನ ಕಡೆಗಿರಬೇಕು ಎಂಬ ಕಟ್ಟಳೆ ಇತ್ತು. ಅಪ್ಪ ಬಾಗಿಲಿಗೆ ಬೆನ್ನು ಮಾಡಿ ನಿಂತು ಏನಾದರೂ ಹೇಳತೊಡಗಿದರೆ ಅವ್ವ ಅವನ ಭುಜ ಹಿಡಿದು ಇತ್ತ ತಿರುಗಿಸುತ್ತಿದ್ದಳು. ಕುಬಿಹಾಳದ ಆ ಮನೆ ಮಣ್ಣಿನ ಗೋಡೆಯದು, ಮೇಲೆ ಮಣ್ಣಿನದೇ ಮಾಳಿಗೆ. ಮುಂಬಾಗಿಲು ದಾಟಿದರೆ ದನ ಕಟ್ಟುವ ಜಾಗ, ಅಲ್ಲಿಂದ ಎರಡು ಮೆಟ್ಟಿಲು ಹತ್ತಿದರೆ ಪಡಸಾಲೆ, ಅದರಾಚೆ ಅಡುಗೆಮನೆ, ಬದಿಗೆ ಅಪ್ಪನ ತಾಯಿ, ನಮ್ಮ ಆಯಿ, ದಿನಾ ಬೆಳಿಗ್ಗೆ ಲಿಂಗಪೂಜೆಗೆ ಕೂರುತ್ತಿದ್ದ ದೇವರಮನೆ. ಕಿಟಕಿ ಅನ್ನುವುದು ಇರಲೇ ಇಲ್ಲ. ಪಡಸಾಲೆಯ ಮಾಳಿಗೆಯಲ್ಲಿ ಒಂದು ಬೆಳಕಿಂಡಿ ಇತ್ತು. ಅದರಿಂದ ಇಳಿಯುವ ಬಿಸಿಲು ಬೆಳಿಗ್ಗೆ ಕಂಬದ ಬುಡದಲ್ಲಿದ್ದರೆ ಮಧ್ಯಾಹ್ನ ಬೀಸುವ ಕಲ್ಲಿನ ಹತ್ತಿರ ಬರುತ್ತಿತ್ತು. ಯಾರಿಗೆ ಏನು ಹೇಳುವುದಿದ್ದರೂ ಆ ಬೆಳಕು ಇದ್ದಲ್ಲಿಗೆ ಹೋಗಿ ನಿಂತು ಹೇಳಬೇಕು. ನನಗಿಂತ ಎರಡು ವರ್ಷ ದೊಡ್ಡವಳಾದ ನನ್ನ ಅಕ್ಕ ಕಸ್ತೂರಿಗೆ ಕಿವಿ ಕೇಳುತ್ತಿರಲಿಲ್ಲ. ನಮ್ಮ ತುಟಿ ನೋಡಿಯೇ ಅವಳು ಮಾತು ಹಿಡಿಯಬೇಕಿತ್ತು.

ಹುಟ್ಟಿದಾಗಲೇ ಹಾಗಿರಲಿಲ್ಲವಂತೆ. ಎರಡು ವರ್ಷದ ಕೂಸಾಗಿದ್ದಾಗ ಜ್ವರ ಬಂತಂತೆ. ಜ್ವರ ಇಳಿದ ಮರುದಿನ ಬೆನ್ನ ಹಿಂದೆ ಕೊಡ ಉರುಳಿ ಬಿದ್ದರೂ ಅವಳು ತಿರುಗಿ ನೋಡಲಿಲ್ಲವಂತೆ. ನನಗೆ ನೆನಪಿರುವ ಕಸ್ತೂರಿಯ ಎದೆಯ ಮೇಲೆ ಅವ್ವ ಹೊಲಿದ ಬಟ್ಟೆಯ ಸಣ್ಣ ಚೀಲ, ಚೀಲದೊಳಗೆ ಬೆಂಕಿಪೆಟ್ಟಿಗೆಗಿಂತ ತುಸು ದೊಡ್ಡದಾದ ಮಷೀನು, ಅದರಿಂದ ಎರಡೂ ಕಿವಿಗೆ ಹೋದ ವೈರು. ಆ ಮಷೀನು ಸಪ್ಪಳವನ್ನು ದೊಡ್ಡದು ಮಾಡುತ್ತಿತ್ತು, ಆದರೆ ಬಿಡಿಸಿ ಹೇಳುತ್ತಿರಲಿಲ್ಲ. ನಾಯಿ ಬೊಗಳಿದ್ದು, ಟ್ರ್ಯಾಕ್ಟರ್ ಬಂದದ್ದು ಅವಳಿಗೆ ಗೊತ್ತಾಗುತ್ತಿತ್ತು. ಯಾರು ಏನೆಂದರು ಎಂಬುದು ಗೊತ್ತಾಗುತ್ತಿರಲಿಲ್ಲ. ಪ, ಬ, ಮ ತುಟಿಯಲ್ಲಿ ಕಾಣುತ್ತವೆ, ಅವು ಅವಳಿಗೆ ಬೇಗ ಬಂದವು. ಕ, ಗ ಒಳಗೆಲ್ಲೋ ಗಂಟಲ ಹತ್ತಿರ ಹುಟ್ಟುತ್ತವೆ, ಯಾರ ಮುಖ ನೋಡಿದರೂ ಕಾಣುವುದಿಲ್ಲ. ಹಾಗಾಗಿ ಅವಳ ಬಾಯಲ್ಲಿ ಕ ಎಲ್ಲ ತ, ಗ ಎಲ್ಲ ದ. ಹ ಅಂತೂ ಇರಲೇ ಇಲ್ಲ. ಅವಳ ಸ್ವಂತ ಹೆಸರು ಅವಳಿಗೆ ‘ತತ್ತೂರಿ’. ಗಂಗಾ ಎಂಬ ನಾನು ‘ದಂದಾ’. ಅಪ್ಪನ ತಮ್ಮ, ನಮ್ಮ ಬಸು ಕಾಕಾ, ‘ತಾತಾ’.

ಹದಿನೈದು ದಿನಕ್ಕೊಮ್ಮೆ ಅವ್ವ ನಮ್ಮಿಬ್ಬರನ್ನೂ ಕರೆದುಕೊಂಡು ಹುಬ್ಬಳ್ಳಿಗೆ ಹೋಗುತ್ತಿದ್ದಳು. ಅಲ್ಲೊಂದು ದವಾಖಾನೆಯಲ್ಲಿ ಮಾತು ಕಲಿಸುವ ಮೇಡಂ ಇದ್ದರು. ಅವರು ಮಾಡಿ ತೋರಿಸಿದ್ದನ್ನು ಅವ್ವ ಕಣ್ಣಲ್ಲೇ ಕಲಿತು ಬಂದು ಮನೆಯಲ್ಲಿ ಮಾಡಿಸುತ್ತಿದ್ದಳು. ಬೆಳಕಿಂಡಿಯ ಕೆಳಗೆ ಗೋಣಿಚೀಲ ಹಾಸಿ ಇಬ್ಬರೂ ಎದುರು ಬದುರು ಕೂರುವುದು, ನಡುವೆ ಕನ್ನಡಿ. ತುಟಿಯ ಮುಂದೆ ಕಾಗದದ ಚೂರು ಹಿಡಿದು ಪ ಅಂದರೆ ಕಾಗದ ಅಲುಗಬೇಕು, ಬ ಅಂದರೆ ಅಷ್ಟು ಅಲುಗಬಾರದು. ಅವ್ವನ ಗಂಟಲ ಮೇಲೆ ಅಂಗೈ ಇಟ್ಟು ನಡುಕ ಎಲ್ಲಿದೆ ನೋಡಿ, ಆಮೇಲೆ ತನ್ನ ಗಂಟಲಲ್ಲಿ ಅದೇ ನಡುಕ ಹುಡುಕಬೇಕು. ಕ ಬರಿಸಲಿಕ್ಕೆ ಅವ್ವ ಚಮಚದ ಹಿಡಿಕೆಯಿಂದ ಅವಳ ನಾಲಿಗೆಯ ತುದಿ ಒತ್ತಿ ಹಿಡಿಯುತ್ತಿದ್ದಳು. ಕಸ್ತೂರಿಯ ಕಣ್ಣಲ್ಲಿ ನೀರು ಬರುತ್ತಿತ್ತು, ಓಕರಿಕೆ ಬರುತ್ತಿತ್ತು, ಕ ಬರುತ್ತಿರಲಿಲ್ಲ. ಕಾಯಿ, ತಾಯಿ. ಕಲಿ, ತಲಿ. ಕೆನಿ, ತೆನಿ. ಅವ್ವ ಎರಡೆರಡು ಮಾತು ಹೇಳುತ್ತಿದ್ದಳು, ಕಸ್ತೂರಿ ಎರಡನ್ನೂ ಒಂದೇ ಮಾಡಿ ಹೇಳುತ್ತಿದ್ದಳು. ಬೀಸುವ ಕಲ್ಲಿನ ಹಿಂದೆ ಕೂತು ನಾನು ನನ್ನ ಶಾಲೆಯ ಪದ್ಯ ಬಾಯಿಪಾಠ ಮಾಡುತ್ತಿದ್ದೆ. ಅದನ್ನು ಒಪ್ಪಿಸಿಕೊಳ್ಳಲು ಅವ್ವನಿಗೆ ಪುರಸೊತ್ತು ಸಿಕ್ಕಿದ್ದು ನನಗೆ ನೆನಪಿಲ್ಲ.

ಆ ವರ್ಷ ಒಂದು ಸಲ ಮೇಡಂ ಅವ್ವನನ್ನು ಹತ್ತಿರ ಕೂರಿಸಿಕೊಂಡು ಒಂದು ಮಾತು ಹೇಳಿದರು.

“ಮನ್ಯಾಗ ಅಕಿ ಏನ ಅಂದ್ರೂ ನೀವೆಲ್ಲಾ ತಿಳ್ಕೊಂಡ ಬಿಡ್ತೀರಿ. ಹಿಂಗಾದ್ರ ಅಕಿ ನಾಲಿಗಿ ಯಾಕ ಕಷ್ಟಾ ಪಡಬೇಕು? ತಿಳದ್ರೂ ತಿಳೀಲಿಲ್ಲ ಅನ್ರಿ. ಇನ್ನೊಮ್ಮೆ ಹೇಳಸ್ರಿ.”

ಅವ್ವ ಆ ಮಾತನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದವಳ ಹಾಗೆ ಬಸ್ಸಿನುದ್ದಕ್ಕೂ ಅದರ ತುದಿಯನ್ನು ಮುಷ್ಟಿಯಲ್ಲಿ ಹಿಡಿದು ಕೂತಿದ್ದಳು. ಮನೆಗೆ ಬಂದು ಎಲ್ಲರನ್ನೂ ಪಡಸಾಲೆಗೆ ಕರೆದು ಕಟ್ಟಳೆ ಮಾಡಿದಳು. ಇವತ್ತಿನಿಂದ ಕಸ್ತೂರಿ ತಪ್ಪು ಹೇಳಿದರೆ ಯಾರಿಗೂ ತಿಳಿಯಬಾರದು. ಅವಳು ಕೈ ಆಡಿಸಿ ತೋರಿಸಿದರೆ ಯಾರೂ ನೋಡಬಾರದು. ಅವಳ ಪರವಾಗಿ ಯಾರೂ ಹೇಳಿಕೊಡಬಾರದು. ಕೊನೆಯದನ್ನು ಹೇಳುವಾಗ ಅವಳು ನನ್ನ ಕಡೆ ನೋಡಿದಳು. ಯಾಕೆಂದರೆ ಕಸ್ತೂರಿಯ ಮಾತು ಇಡಿಯಾಗಿ ತಿಳಿಯುತ್ತಿದ್ದದ್ದು ನನಗೊಬ್ಬಳಿಗೇ. ಅವ್ವನಿಗೆ ಅರ್ಧ ತಿಳಿಯುತ್ತಿತ್ತು, ಅಪ್ಪನಿಗೆ ಕಾಲುಭಾಗ. ನಾನು ಮಾತು ಕಲಿತದ್ದೇ ಅವಳ ಮಗ್ಗುಲಲ್ಲಿ. ನನಗೆ ಮೂರು ವರ್ಷವಾಗುವ ತನಕ ನಾನೂ ಕಾಕಾನಿಗೆ ತಾತಾ ಅನ್ನುತ್ತಿದ್ದೆನಂತೆ. ಅವಳು ಓಡಿ ಬಂದು ಉಸಿರು ಕಟ್ಟಿ ಮಾತಾಡಿದರೆ ಅಕ್ಷರಗಳೆಲ್ಲ ಬಿದ್ದುಹೋಗಿ ಬರೀ ಆ, ಈ, ಏ ಉಳಿಯುತ್ತಿದ್ದವು. ಆಗಲೂ ನನಗೆ ತಿಳಿಯುತ್ತಿತ್ತು. ಅಲ್ಲಿಯವರೆಗೆ ಮನೆಯಲ್ಲಿ ನನಗಿದ್ದ ದೊಡ್ಡಸ್ತಿಕೆ ಅದೊಂದೇ. ಅದನ್ನೂ ಅವ್ವ ಕಿತ್ತುಕೊಂಡಳು ಎಂದು ನನಗೆ ಸಿಟ್ಟು ಬಂತು.

ಕಟ್ಟಳೆ ಹೆಚ್ಚು ಕಾಡುತ್ತಿದ್ದದ್ದು ಊಟದ ಹೊತ್ತಿನಲ್ಲಿ. ಜೋಳದ ರೊಟ್ಟಿ, ಮಡಿಕೆಕಾಳಿನ ಪಲ್ಯ, ಶೇಂಗಾ ಚಟ್ನಿ ತಾಟಿನಲ್ಲಿ ಇರುತ್ತಿದ್ದವು. ಆದರೆ ಕಸ್ತೂರಿಗೆ ಇನ್ನೊಂದು ರೊಟ್ಟಿಯ ಮೇಲೆ ಏನಾದರೂ ಬೇಕೆಂದರೆ ಪರೀಕ್ಷೆ ಶುರುವಾಗುತ್ತಿತ್ತು. ಅವಳಿಗೆ ಖಾರ ಬೇಕು, ‘ತಾರಾ’ ಅನ್ನುವಳು. ಅವ್ವ ಕೈ ಕಟ್ಟಿಕೊಂಡು, “ತಿಳೀಲಿಲ್ಲ” ಅನ್ನುವಳು. ಮತ್ತೆ ತಾರಾ. ಮತ್ತೆ ತಿಳೀಲಿಲ್ಲ. ಅಪ್ಪ ತಾಟಿನ ಮೇಲಿಂದ ಕಣ್ಣೆತ್ತುತ್ತಿರಲಿಲ್ಲ. ಅವನು ಕುಂದಗೋಳದಲ್ಲಿ ಕಾರಕೂನ, ಸೈಕಲ್ ಮೇಲೆ ಹೋಗಿ ಸಂಜೆಗೆ ಬರುವವನು, ಮನೆಯ ಜಗಳಕ್ಕೆ ಬೆನ್ನು ಮಾಡುವುದು ಅವನಿಗೆ ಅಭ್ಯಾಸ. ಸಹಿಸದೆ ಬಾಯಿ ಬಿಡುತ್ತಿದ್ದವಳು ಆಯಿ.

“ಕೂಸು ಉಣ್ಣಾಕ ಕೇಳಿದ್ರ ಪರೀಕ್ಷಾ ತಗೋತಿಯಲ್ಲ, ನೀ ಏನ ತಾಯಿಯೋ ಮಾಸ್ತರೋ?”

“ಅತ್ತಿ, ನೀವು ಇರೂತನಕ ನೀವು ತಿಳ್ಕೊಂತೀರಿ, ನಾ ಇರೂತನಕ ನಾ ತಿಳ್ಕೊಂತೀನಿ. ಆಮ್ಯಾಲೆ? ಇಕಿ ಮಾತು ಯಾರಿಗೆ ತಿಳೀಬೇಕು? ಗಂಗಾನ್ನ ಇಕಿ ಸೆರಗಿಗೆ ಕಟ್ಟಿ ಕಳಸ್ಲೇನು?”

ಆಯಿ ಎದ್ದು ದೇವರಮನೆಗೆ ಹೋಗಿ ಬಾಗಿಲು ಎಳೆದುಕೊಳ್ಳುವಳು. ಕಸ್ತೂರಿ ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ನೋಡುತ್ತ, ಜಗಳ ತನ್ನದೇ ಎಂದು ತಿಳಿದು, ಒಣ ರೊಟ್ಟಿ ಮುರಿದು ತಿನ್ನುವಳು. ಕಟ್ಟಳೆಗೆ ಸೊಪ್ಪು ಹಾಕದವನು ಬಸು ಕಾಕಾ ಒಬ್ಬನೇ. ಅವ್ವ ಆಚೆ ಹೋದ ಕೂಡಲೇ ಚಟ್ನಿಯ ಕಟೋರಿಯನ್ನು ಅವಳ ಕಡೆ ಸರಿಸಿ, “ನಂಗ ತಿಳೀತು ಬಿಡವಾ, ನಾ ಶಾಣ್ಯಾ ಅಲ್ಲ, ನಂಗ ನಾಟಕ ಬರೂದಿಲ್ಲ” ಅನ್ನುತ್ತಿದ್ದ. ಮೂವತ್ತು ದಾಟಿದರೂ ಮದುವೆಯಾಗದ, ಹೊಲ ಮನೆ ಎರಡನ್ನೂ ಒಬ್ಬನೇ ನೋಡಿಕೊಳ್ಳುತ್ತಿದ್ದ, ಏನು ಮಾಡಿದರೂ ಅವಸರದಲ್ಲಿ ಮಾಡುತ್ತಿದ್ದ ಮನುಷ್ಯ.

ಒಂದು ದಿನ ಬೆಳಿಗ್ಗೆ ಕಸ್ತೂರಿ ಕೆನೆ ಕೇಳಿದಳು. ಹಾಲು ಆರಿ ಮೇಲೆ ದಪ್ಪ ಕೆನೆ ಕಟ್ಟಿತ್ತು.

“ತೆನಿ.”

“ತೆನಿ ಹೊಲದಾಗ ಐತಿ,” ಅಂದಳು ಅವ್ವ. “ನಿನಗ ಏನ ಬೇಕು?”

“ತೆನಿ. ಆಲಿನ ತೆನಿ.”

“ತಿಳೀಲಿಲ್ಲ.”

ಆರು ಸಲವೋ ಏಳು ಸಲವೋ ಆಯಿತು. ಕಸ್ತೂರಿಯ ಕತ್ತಿನ ನರ ಉಬ್ಬಿತ್ತು. ನನಗೆ ತಡೆಯಲಾಗಲಿಲ್ಲ. “ಕೆನಿ ಬೇಕಂತಬೇ ಅಕಿಗೆ, ಕೊಡು” ಎಂದುಬಿಟ್ಟೆ. ಅವ್ವ ತಿರುಗಿ ನನ್ನ ಕೆನ್ನೆಗೆ ಬಿಟ್ಟಳು. ಅವಳು ನನಗೆ ಹೊಡೆದದ್ದು ಬಹಳ ಕಡಿಮೆ. ಅದಕ್ಕೇ ನನಗೆ ಅದು ಇಷ್ಟು ನೆನಪು.

“ಹೇಳಿಕೊಡಬ್ಯಾಡ ಅಂತ ಎಷ್ಟ ಸರತಿ ಹೇಳ್ಲಿ? ಅಕಿ ಬಾಯಿ ನಿನ್ನ ಬಾಯಾಗ ಐತೇನು?”

ಹೊಡೆದ ಮೇಲೆ ಅವಳಿಗೇ ಏನೋ ಆಗಿ, ಕೆನೆ ತೆಗೆದು ಕಸ್ತೂರಿಯ ತಾಟಿಗೆ ಹಾಕಿದಳು. ಕಸ್ತೂರಿ ಅದನ್ನು ಬೆರಳಿನಿಂದ ನೆಕ್ಕುತ್ತ ನನ್ನ ಕಡೆ ನೋಡಿದಳು. ಅವಳು ನಕ್ಕಿರಲಿಲ್ಲ, ಈಗ ಯೋಚಿಸಿದರೆ ಅದು ಮರುಕವೇ ಇರಬೇಕು. ಆದರೆ ಹೊಡೆತ ನನಗೆ, ಕೆನೆ ಅವಳಿಗೆ. ಇನ್ನು ಮೇಲೆ ಇವಳ ಒಂದು ಮಾತೂ ನನಗೆ ತಿಳಿಯುವುದಿಲ್ಲ ಎಂದು ನಾನು ಮನಸ್ಸಿನಲ್ಲಿ ಆಣೆ ಹಾಕಿಕೊಂಡೆ.

ಸ್ವಲ್ಪ ಹೊತ್ತಿಗೆ ಕಾಕಾ ಬಂದ. ಹಿತ್ತಲಾಚೆ, ಬಣವೆಯ ಹಿಂದೆ ನಮ್ಮದೊಂದು ಹಗೇವು ಇತ್ತು. ನೆಲದೊಳಗೆ ಎರಡಾಳು ಆಳ ತೋಡಿ, ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿ ಇಡುವ ಕಣಜ ಅದು. ಆಗಲೇ ಊರಲ್ಲಿ ಬಹಳ ಜನ ಹಗೇವು ಬಿಟ್ಟು ಮನೆಯಲ್ಲೇ ಚೀಲ ಪೇರಿಸುತ್ತಿದ್ದರು. ನಮ್ಮದು ಇನ್ನೂ ಅರ್ಧ ತುಂಬಿತ್ತು. ಮುಚ್ಚಿದ ಹಗೇವಿನೊಳಗಿನ ಗಾಳಿ ಕೆಟ್ಟಿರುತ್ತದೆ, ಬಾಯಿ ತೆರೆದು ಒಂದು ದಿನ ಬಿಡಬೇಕು, ಕಂದೀಲು ಇಳಿಸಿ ನೋಡಬೇಕು, ಒಬ್ಬರು ಮೇಲೆ ನಿಂತು ಕೆಳಗಿನವನ ದನಿ ಕೇಳುತ್ತಿರಬೇಕು. ಇದು ನಮ್ಮ ಕಡೆಯ ಮಕ್ಕಳಿಗೂ ಗೊತ್ತಿದ್ದ ವಿಷಯ. ಕಾಕಾ ಅಂದು ಬೆಳಿಗ್ಗೆಯಷ್ಟೇ ಬಾಯಿ ತೆರೆದಿದ್ದ.

“ಬಾರವಾ ದಂದಾ,” ಅಂದ, ಕಸ್ತೂರಿ ಕರೆಯುವ ಹಾಗೆಯೇ ನನ್ನನ್ನು ಕರೆದು. “ಕಾಳಿಗೆ ಹಸಿ ಹಿಡದೈತೇನ ನೋಡಿ ಒಂದ ಬುಟ್ಟಿ ತಗೊಂಡ ಬರ್ತೀನಿ. ನಾ ಒಳಗಿಂದ ಹೋ ಅಂತೀನಿ, ನೀ ಮ್ಯಾಲಿಂದ ಹೋ ಅನ್ನು. ಅಷ್ಟ.”

“ನಾ ಒಲ್ಲೆ. ಅಕಿನ್ನ ಕರಕೊಂಡ ಹೋಗು. ಕೆನಿ ತಿಂದಾಳಲ್ಲ.”

ಕಾಕಾ ನನ್ನ ಕೆನ್ನೆ ನೋಡಿದ, ಅಡುಗೆಮನೆಯ ಕಡೆ ನೋಡಿದ, ನಕ್ಕುಬಿಟ್ಟ. ಕಸ್ತೂರಿಯ ಕೈ ಹಿಡಿದು ಹಿತ್ತಲ ಬಾಗಿಲಿನಿಂದ ಹೋದ. ಕಿವಿ ಕೇಳದ ಹುಡುಗಿಯನ್ನು ಹಗೇವಿನ ಬಾಯಿಗೆ ನಿಲ್ಲಿಸುವುದೇ ಎಂದು ಅವನಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ನಾನು ಹೊಸ್ತಿಲ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದೆ. ಕಸ್ತೂರಿ ಹಿತ್ತಲಿನಿಂದ ಓಡಿ ಬಂದು ನನ್ನನ್ನು ದಾಟಿ ಒಳಗೆ ನುಗ್ಗಿದಳು. ಎದೆಯ ಮೇಲಿನ ಮಷೀನು ಚೀಲದಿಂದ ಹೊರಗೆ ಬಂದು ಜೋಲಾಡುತ್ತಿತ್ತು.

“ಅಏ... ಆಆ... ಇದ್ದಾ! ಅಏ... ಆಆ ಇದ್ದಾ!”

ಬೇರೆಯವರಿಗೆ ಅದು ಬರೀ ಕೂಗು. ನನಗೆ ಹಲಗೆಯ ಮೇಲೆ ಬರೆದಷ್ಟು ಸ್ಪಷ್ಟವಿತ್ತು. ಹಗೇವು. ಕಾಕಾ. ಬಿದ್ದಾನ.

“ಉಸರು ಬಿಡು,” ಅಂದಳು ಅವ್ವ, ರೊಟ್ಟಿಯನ್ನು ಹಂಚಿಗೆ ಹಾಕುತ್ತ. “ನಿಧಾನ. ಇನ್ನೊಮ್ಮೆ ಹೇಳು.”

ಕಸ್ತೂರಿ ಹೇಳಿದಳು. ಇನ್ನೂ ಜೋರಾಗಿ ಹೇಳಿದಳು, ಜೋರಾದಷ್ಟೂ ಮಾತು ಕೆಟ್ಟಿತು. ಆಮೇಲೆ ಎರಡೂ ಕೈ ಎತ್ತಿದಳು. ನೆಲದ ಕಡೆ ತೋರಿಸಿದಳು, ಆಳ ತೋರಿಸಿದಳು, ಕತ್ತನ್ನು ಒಂದು ಕಡೆ ಚೆಲ್ಲಿ ಕಣ್ಣು ಮುಚ್ಚಿದಳು. ಅವ್ವ ಹಿಟ್ಟಿನ ಕೈಯಿಂದಲೇ ಅವಳ ಎರಡೂ ಮಣಿಕಟ್ಟು ಹಿಡಿದುಕೊಂಡಳು. ವರ್ಷದಿಂದ ರೂಢಿಯಾಗಿತ್ತು ಅವಳಿಗೆ, ಕೈ ಕಂಡರೆ ಹಿಡಿಯುವುದು.

“ಕೈ ಬ್ಯಾಡ. ಬಾಯಿಲೇ ಹೇಳು.”

ಆದರೂ ಮಗಳ ಮುಖದಲ್ಲಿ ಏನೋ ಬೇರೆ ಕಂಡಿರಬೇಕು. ಕೈ ಬಿಡದೆಯೇ ನನ್ನ ಕಡೆ ತಿರುಗಿದಳು.

“ಏನಂತಾಳ ಗಂಗಾ? ತಿಳೀತೇನ ನಿನಗ?”

“ಇಲ್ಲಬೇ,” ಅಂದೆ ನಾನು. “ತಿಳೀಲಿಲ್ಲ.”

ಕಸ್ತೂರಿ ನನ್ನ ತುಟಿ ನೋಡುತ್ತಿದ್ದಳು. ವರ್ಷವಿಡೀ ನಮ್ಮೆಲ್ಲರ ತುಟಿಯ ಮೇಲೆ ಅವಳು ಅತಿ ಹೆಚ್ಚು ಸಲ ಓದಿದ ಮಾತು ಅದು. ತಪ್ಪುವ ಹಾಗೇ ಇರಲಿಲ್ಲ. ಕೂಗುವುದನ್ನು ಒಮ್ಮೆಲೇ ನಿಲ್ಲಿಸಿದಳು. ನನ್ನ ಮುಖವನ್ನೇ ನೋಡುತ್ತ ನಿಂತಳು. ನಾನು ಶೇಂಗಾದ ಕಡೆ ಕಣ್ಣು ಹಾಕಿದೆ. ಎಷ್ಟು ಹೊತ್ತು ಎಂದು ನನ್ನನ್ನು ಯಾರೂ ಕೇಳಲಿಲ್ಲ, ಆದರೆ ನನಗೆ ಗೊತ್ತು: ಹಂಚಿನ ಮೇಲಿನ ರೊಟ್ಟಿ ಬೆಂದು, ಸುಟ್ಟು, ಹೊಗೆ ಏಳುವಷ್ಟು ಹೊತ್ತು. ಆಮೇಲೆ ಕಸ್ತೂರಿ ಬಗ್ಗಿ ಅವ್ವನ ಕೈ ಕಚ್ಚಿ ಬಿಡಿಸಿಕೊಂಡಳು. ಪಡಸಾಲೆಯ ಗೂಟಕ್ಕೆ ಹಾಕಿದ್ದ ದನದ ಹಗ್ಗ ಜಗ್ಗಿ ತೆಗೆದು, ಎರಡೂ ತೋಳಲ್ಲಿ ಅಪ್ಪಿಕೊಂಡು, ಒಬ್ಬಳೇ ಹಿತ್ತಲಿಗೆ ಓಡಿದಳು. ಹನ್ನೊಂದು ವರ್ಷದ ಹುಡುಗಿ ಆ ಹಗ್ಗದಿಂದ ಆಳೆತ್ತರದ ಗಂಡಸನ್ನು ಎಳೆಯಲು ಹೊರಟದ್ದನ್ನು ನೋಡಿದಾಗ ನನ್ನ ಬಾಯಿ ಬಿಟ್ಟಿತು.

“ಹಗೇವಿನ್ಯಾಗ ಕಾಕಾ ಬಿದ್ದಾನಬೇ! ಹಗೇವಿನ್ಯಾಗ!”

ಅವ್ವ ಕೂಗುತ್ತ ಓಡಿದಳು. ಬಾಜು ಮನೆಯ ಹುಸೇನಸಾಬ ಬೇಲಿ ಹಾರಿ ಬಂದ, ಅವನ ಹಿಂದೆ ಇನ್ನಿಬ್ಬರು. ಹಗೇವಿನ ಬಾಯಿಯ ಹತ್ತಿರ ಬಗ್ಗಲು ಹೋದ ಅವ್ವನನ್ನು ಹುಸೇನಸಾಬ ಹಿಂದಕ್ಕೆ ದೂಡಿದ. “ಬಗ್ಗಬ್ಯಾಡ್ರಿ ವೈನಿ, ನೀವೂ ಹೋಗ್ತೀರಿ ಒಳಗ!” ಕಂದೀಲು ಇಳಿಸಿದರು, ತಳ ಮುಟ್ಟುವ ಮೊದಲೇ ಆರಿಹೋಯಿತು. ಬೇವಿನ ಟೊಂಗೆ ಹಗ್ಗಕ್ಕೆ ಕಟ್ಟಿ ಮೇಲೆ ಕೆಳಗೆ ಆಡಿಸಿದರು, ಕಂಬಳಿ ಬೀಸಿದರು. ಆಯಿ ಒದ್ದೆ ಸೀರೆಯಲ್ಲೇ ದೇವರಮನೆಯಿಂದ ಎದ್ದು ಬಂದು ಮಣ್ಣಿನಲ್ಲಿ ಕೂತುಬಿಟ್ಟಿದ್ದಳು. ಹುಸೇನಸಾಬ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಮುಖಕ್ಕೆ ಒದ್ದೆ ಟವೆಲು ಸುತ್ತಿ ಇಳಿದ. ಕೂಡಲೇ ಹಗ್ಗ ಜಗ್ಗಿದ. ಮೇಲೆಳೆದರೆ ಒಬ್ಬನೇ ಬಂದ, ಕೆಮ್ಮುತ್ತ, ಕಣ್ಣು ಮೇಲಾಗಿ. ಎರಡು ಸಲ ಉಸಿರೆಳೆದುಕೊಂಡು ಮತ್ತೆ ಇಳಿದ. ಈ ಸಲ ಕಾಕಾನ ಕಂಕುಳಿಗೆ ಹಗ್ಗ ಕಟ್ಟಿ ಬಂದ.

ಕಾಕಾನ ಮುಖ ಬೂದಿಯ ಬಣ್ಣವಾಗಿತ್ತು. ರೆಪ್ಪೆಯ ಮೇಲೆಲ್ಲ ಜೋಳದ ಧೂಳು. ಒಬ್ಬರು ಎದೆ ಒತ್ತಿದರು, ಇನ್ನೊಬ್ಬರು ಅಂಗಾಲು ತಿಕ್ಕಿದರು. ಎಲ್ಲರೂ ಒಟ್ಟಿಗೆ ಕೂಗುತ್ತಿದ್ದರು, ಯಾರಿಗೂ ಏನೂ ಕೇಳುತ್ತಿರಲಿಲ್ಲ. ಕಸ್ತೂರಿ ಗಂಡಸರ ಕಾಲುಗಳ ನಡುವೆ ನುಸುಳಿ ಕಾಕಾನ ಗಂಟಲ ಮೇಲೆ ಅಂಗೈ ಇಟ್ಟಳು. ಹಾಗೇ ಇಟ್ಟುಕೊಂಡು ಕೂತಳು.

“ಐತಿ,” ಅಂದಳು. “ಐತಿ.”

ಅಷ್ಟರಲ್ಲಿ ಅವನು ನರಳಿದ್ದು ನಮಗೂ ಕೇಳಿಸಿತು. ಟ್ರ್ಯಾಕ್ಟರ್ ಮೇಲೆ ಹಾಕಿಕೊಂಡು ಕುಂದಗೋಳಕ್ಕೆ, ಅಲ್ಲಿಂದ ಹುಬ್ಬಳ್ಳಿಗೆ ಒಯ್ದರು.

ಸಂಜೆಯ ಹೊತ್ತಿಗೆ ಊರ ತುಂಬ ಒಂದೇ ಮಾತು: ಗಂಗಾ ಒದರಿದ್ದಕ್ಕ ಬಸು ಉಳದ. ಆಯಿ ನನ್ನನ್ನು ಬಾಗಿಲಲ್ಲಿ ನಿಲ್ಲಿಸಿ ಉಪ್ಪು ನಿವಾಳಿಸಿ ದೃಷ್ಟಿ ತೆಗೆದಳು. ಅಪ್ಪ ತಲೆ ಸವರಿದ. ಬಂದವರೆಲ್ಲ ನನ್ನ ಗಲ್ಲ ಹಿಂಡಿ ಶಾಣ್ಯಾಕಿ ಅಂದರು. ಕಸ್ತೂರಿ ಕಂಬಕ್ಕೊರಗಿ ನಿಂತು ಎಲ್ಲರ ತುಟಿಯನ್ನೂ ನೋಡುತ್ತಿದ್ದಳು. ನಾನು ಅವಳ ಕಡೆ ನೋಡಲಿಲ್ಲ. ಅವಳು ಕಿವಿಯಿಂದ ವೈರು ಕಿತ್ತು, ಮಷೀನನ್ನು ಚೀಲದ ಸಮೇತ ಗೋಡೆಯ ಗೂಡಿನಲ್ಲಿಟ್ಟಳು. ಅವತ್ತಿನಿಂದ ಅವಳು ಮಾತಾಡಲಿಲ್ಲ.

ಒಂದು ದಿನ, ಎರಡು ದಿನ ಎಂದು ನೋಡಿದೆವು. ಹೆದರಿಕೆ ಇಳಿದ ಮೇಲೆ ಆಡುತ್ತಾಳೆ ಎಂದ ಅಪ್ಪ. ವಾರವಾಯಿತು. ಅವ್ವ ಬೆಳಕಿಂಡಿಯ ಕೆಳಗೆ ಗೋಣಿಚೀಲ ಹಾಸಿ, ಕನ್ನಡಿ ಇಟ್ಟು, ಎದುರಿಗೆ ಒಬ್ಬಳೇ ಕೂತು ಕಾಯುತ್ತಿದ್ದಳು. ಕಸ್ತೂರಿ ಬರುತ್ತಿರಲಿಲ್ಲ. ಊಟಕ್ಕೆ ಏನು ಹಾಕಿದರೆ ಅದನ್ನು ಉಂಡು ಏಳುವಳು. ಅವ್ವ ಕೇಳದೆಯೇ ಬಟ್ಟಲು ತುಂಬ ಕೆನೆ ತಂದಿಟ್ಟಳು. ಅದು ಹಾಗೇ ಉಳಿದು ಹುಳಿಯಾಯಿತು. ಕೈಯನ್ನೂ ಆಡಿಸುತ್ತಿರಲಿಲ್ಲ. ಆಯಿ ಅವ್ವನ ಮೇಲೆ ಹರಿಹಾಯ್ದಳು: ಇದ್ದ ನಾಲ್ಕು ಮಾತನ್ನೂ ನೀನೇ ಕಸಗೊಂಡಿ. ಅವ್ವ ಎಂದಿನಂತೆ ಎದುರುತ್ತರ ಕೊಡಲಿಲ್ಲ, ಅದು ನನಗೆ ಇನ್ನೂ ಭಯ ಹುಟ್ಟಿಸಿತು. ನನಗೊಬ್ಬಳಿಗೇ ಗೊತ್ತಿತ್ತು ಅವಳು ಯಾಕೆ ಸುಮ್ಮನಾದಳೆಂದು. ಹಾಸಿಗೆಯಲ್ಲಿ ಅವಳ ಬೆನ್ನು ನನ್ನ ಕಡೆಗಿರುತ್ತಿತ್ತು. ಬೆನ್ನು ಮಾಡಿ ಮಲಗಿದವಳಿಗೆ ಏನು ಹೇಳಿದರೂ ಮುಟ್ಟುವುದಿಲ್ಲ.

ತಿಂಗಳಾಗುತ್ತ ಬಂದಾಗ ಅವ್ವ ನಮ್ಮನ್ನು ಮೇಡಂ ಹತ್ತಿರ ಕರೆದೊಯ್ದಳು. ಆದದ್ದನ್ನೆಲ್ಲ ಹೇಳಿದಳು. ಮೇಡಂ ಕೇಳಿಸಿಕೊಂಡು, ಪೆನ್ನು ಕೆಳಗಿಟ್ಟರು.

“ತಿಳೀಲಿಲ್ಲ ಅನ್ನೂದು ದಿನಕ್ಕ ಎಷ್ಟ ಹೊತ್ತು ಮಾಡ್ತಿದ್ರಿ?”

“ದಿನಾ ಪೂರ್ತಿ ಮಾಡಿದಿವ್ರಿ. ಮುಂಜಾನಿ ಎದ್ದಾಗಿಂದ.”

“ಅಭ್ಯಾಸಕ್ಕ ಕುಂತಾಗ ಅರ್ಧ ತಾಸು ಅಂದಿದ್ನೆಲ್ರಿ ನಾನು. ಉಳಿದ ಹೊತ್ತಿನ್ಯಾಗ ಮನಿಯವರಿಗೂ ತಿಳೀದಿದ್ರ ಆ ಕೂಸು ಯಾರ ಕೂಡ ಮಾತಾಡಬೇಕು?”

ಅರ್ಧ ತಾಸು ಎಂಬ ಮಾತು ಅವ್ವನ ಕಿವಿಗೆ ಬಿದ್ದಿರಲೇ ಇಲ್ಲವೋ, ಬಿದ್ದರೂ ಇಷ್ಟು ಸಾಲದು ಎಂದು ತಾನೇ ಹಿಗ್ಗಿಸಿದಳೋ, ಅವಳಿಗೂ ಗೊತ್ತಿರಲಿಲ್ಲ ಅನಿಸುತ್ತದೆ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಕೂತಳು. ಮೇಡಂ ನನ್ನ ಕಡೆ ತಿರುಗಿದರು. ಅವರು ಯಾವ ಅನುಮಾನದಿಂದಲೂ ಕೇಳಲಿಲ್ಲ.

“ನಿನಗ ಅಕ್ಕನ ಮಾತು ತಿಳೀತಿತ್ತಲ್ಲ?”

“ಹೌದ್ರಿ,” ಅಂದೆ. ಮುಂದಿನದು ತಾನಾಗಿ ಬಂತು. “ಅವತ್ತೂ ತಿಳದಿತ್ತು. ಮೊದಲನೇ ಸರತೀನ ತಿಳದಿತ್ತು. ಅವ್ವ ಕೇಳಿದಾಗ ಇಲ್ಲ ಅಂದೆ.”

ಅವ್ವನ ಕೈ ನಿಂತಿತು. ಹೊಡೆಯುತ್ತಾಳೆ ಎಂದು ನಾನು ಕಾದೆ. ಹೊರಗಿನ ಬೆಂಚಿಗೆ ಬಂದು ಕೂತ ಮೇಲೂ ಕಾದೆ. ಅವಳು ಎದುರಿನ ಗೋಡೆ ನೋಡುತ್ತ ಅಂದಳು:

“ಸುಳ್ಳ ಹೇಳೂದ ನಾನ ಕಲಿಸಿದೆ ನಿನಗ. ದಿನಾ ಕಲಿಸಿದೆ.”

ಹೊಡೆದಿದ್ದರೆ ಅಳುತ್ತಿದ್ದೆ. ಈಗ ಅಳು ಬರಲಿಲ್ಲ. ಇವತ್ತಿಗೂ ಯಾರಾದರೂ ಮಾತಿಗೆ ತಡವರಿಸಿದರೆ ನಾನು ನಡುವೆ ಬಾಯಿ ಹಾಕುತ್ತೇನೆ. ತಿಳಿದಿದ್ದರೆ ತಿಳಿಯಿತು ಎಂದು ಹೇಳಿಬಿಡುವ ತನಕ ನನಗೆ ಸಮಾಧಾನವಿಲ್ಲ. ಜನ ಇದನ್ನು ಅವಸರ ಅನ್ನುತ್ತಾರೆ.

ಮರುದಿನ ಬೆಳಿಗ್ಗೆ ಬಿಸಿಲು ಕಂಬದ ಬುಡಕ್ಕೆ ಬಂದಾಗ ನಾನು ಹೋಗಿ ಅದರಲ್ಲಿ ನಿಂತೆ. ಕಸ್ತೂರಿ ಅಕ್ಕಿ ಆರಿಸುತ್ತಿದ್ದಳು. ಅವಳ ಭುಜ ಮುಟ್ಟಿ ಕರೆದೆ. ತಲೆ ಎತ್ತಿದಳು.

“ಅವತ್ತ ನಂಗ ತಿಳದಿತ್ತು. ಸುಳ್ಳ ಹೇಳಿದೆ.”

ಅವಳು ನನ್ನ ತುಟಿ ನೋಡಿದಳು, ಆಮೇಲೆ ಕಣ್ಣು ನೋಡಿದಳು.

“ದೊತ್ತು,” ಅಂದಳು.

ಗೊತ್ತು. ತಿಂಗಳ ಮೇಲೆ ಅವಳ ಬಾಯಿಂದ ಬಂದ ಮೊದಲ ಮಾತು ಅದು. ಒಳಗೆ ಪಾತ್ರೆ ತಿಕ್ಕುತ್ತಿದ್ದ ಅವ್ವನ ಸಪ್ಪಳ ನಿಂತುಹೋಯಿತು. ಕಸ್ತೂರಿ ಮತ್ತೆ ಮೊರದ ಕಡೆ ಬಗ್ಗಿದಳು. ಕ್ಷಮಿಸಿದೆ ಎಂದು ಅವಳು ಅವತ್ತೂ ಹೇಳಲಿಲ್ಲ, ಮುಂದೆ ಎಂದೂ ಹೇಳಲಿಲ್ಲ. ಎರಡು ದಿನ ಬಿಟ್ಟು ಗೂಡಿನಿಂದ ಮಷೀನು ತೆಗೆದು ತಾನೇ ಹಾಕಿಕೊಂಡಳು.

ಕಾಕಾ ಮನೆಗೆ ಬಂದ. ಅವನ ದನಿ ಒಡೆದು ಗೊಗ್ಗರಾಗಿತ್ತು, ಧೂಳಿಗೆ ಹೋದರೆ ಕೆಮ್ಮು ಹಿಡಿಯುತ್ತಿತ್ತು. ರಾಶಿಯ ಕೆಲಸ ಅವನಿಗೆ ಮುಂದೆ ಆಗಲೇ ಇಲ್ಲ. ಹಗೇವಿಗೆ ಅಪ್ಪ ಮಣ್ಣು ತುಂಬಿಸಿದ. ಅಭ್ಯಾಸ ಮತ್ತೆ ಶುರುವಾಯಿತು, ಅರ್ಧ ತಾಸು ಮಾತ್ರ. ಗಡಿಯಾರ ನೋಡಿ ಎದ್ದುಬಿಡುವವಳು ಕಸ್ತೂರಿಯೇ. ಯಾವ ಮಾತು ಕಲಿಯಬೇಕು ಎಂಬುದನ್ನೂ ಅವಳೇ ಹಲಗೆಯ ಮೇಲೆ ಬರೆದು ತರುತ್ತಿದ್ದಳು. ಚಮಚ ಬೇಡವೆಂದಳು. ಮೇಡಂ ಬೇರೆ ದಾರಿ ತೋರಿಸಿದರು: ಅಂಗಾತ ಮಲಗಿಸಿ ಕ ಅನ್ನಿಸಿರಿ, ನಾಲಿಗೆ ತಾನಾಗಿ ಹಿಂದೆ ಸರಿಯುತ್ತದೆ. ಪಡಸಾಲೆಯ ನಡುವೆ ಮಲಗಿ, ಮಾಳಿಗೆಯ ತೊಲೆ ನೋಡುತ್ತ ಅವಳು ವಾರಗಟ್ಟಲೆ ಕ ಹುಡುಕಿದಳು. ಒಂದು ದಿನ ಬಂತು. ಎದ್ದು ಕೂತರೆ ಹೋಯಿತು. ಮಲಗಿದರೆ ಕ, ಕೂತರೆ ತ. ಅದನ್ನು ಕಂಡು ಮೊದಲು ನಕ್ಕವಳು ಅವಳೇ. ಆಮೇಲೆ ಅವ್ವನೂ ನಕ್ಕಳು.

ಮುಂದಿನ ವರ್ಷ ಒಂದು ದಿನ ಕಾಕಾ ತನ್ನ ಎದೆ ತೋರಿಸಲು ಹುಬ್ಬಳ್ಳಿಗೆ ಹೊರಟಾಗ ನಮ್ಮಿಬ್ಬರನ್ನೂ ಮೇಡಂ ಹತ್ತಿರ ಬಿಡಲು ಜೊತೆಗೆ ಕರೆದುಕೊಂಡು ಹೋದ. ದವಾಖಾನೆಯವರು ಅವನಿಗೆ ಅಂದು ರಾತ್ರಿ ಅಲ್ಲೇ ಇರಬೇಕೆಂದರು. ನಮ್ಮನ್ನು ಬಸ್ ಹತ್ತಿಸಿ, ಕಂಡಕ್ಟರನಿಗೆ ಹೇಳಿ ಹೋಗುತ್ತೇನೆಂದ ಕಾಕಾನ ಕೈಯನ್ನು ಕಸ್ತೂರಿ ಹಿಡಿದು ನಿಲ್ಲಿಸಿದಳು. ಚಿಲ್ಲರೆ ತನ್ನ ಮುಷ್ಟಿಯಲ್ಲಿ ಇಟ್ಟುಕೊಂಡಳು. ಸೀಟಿನಲ್ಲಿ ಕೂತ ಮೇಲೆ ನನ್ನ ಕಡೆ ತಿರುಗಿದಳು.

“ನೀ ಬಾಯಿ ತೆದೀಬ್ಯಾಡ.”

ಬಸ್ಸು ತುಂಬಿ ಜನ ನಿಂತಿದ್ದರು. ಕಂಡಕ್ಟರ್ ಮೊಣಕೈಯಿಂದ ದಾರಿ ಮಾಡಿಕೊಳ್ಳುತ್ತ ಬಂದ.

“ಎಲ್ಲಿಗವಾ?”

“ತುಬಿಆಳ. ಎರಡು ಅರ್ಧ.”

“ಎಲ್ಲಿ?”

“ತುಬಿ-ಆಳ.”

ಅವನು ಕಿವಿ ಮುಂದೆ ತಂದ. ಹಿಂದಿನ ಸೀಟಿನವನೊಬ್ಬ, “ಮೂಗಿ ಐತ್ರಿ ಅದು, ಬಾಜೂದಕ್ಕ ಕೇಳ್ರಿ” ಅಂದ. ಕಂಡಕ್ಟರ್ ನನ್ನನ್ನು ನೋಡಿದ. “ನೀ ಹೇಳವಾ, ಎಲ್ಲಿಗೆ?” ಊರ ಹೆಸರು ನನ್ನ ಹಲ್ಲಿನ ಹಿಂದೆ ಬಂದು ನಿಂತಿತ್ತು. ತಿಳಿದೂ ಹೇಳದೆ ಕೂರುವುದು ಇನ್ನೊಮ್ಮೆ ನನ್ನ ಪಾಲಿಗೇ ಬಂದಿತ್ತು. ಕಸ್ತೂರಿಯ ಕೈ ನನ್ನ ಮೊಣಕಾಲನ್ನು ಒತ್ತಿ ಹಿಡಿದಿತ್ತು.

“ಅಕಿನ್ನ ಕೇಳ್ರಿ,” ಅಂದೆ.

ಸುತ್ತಲಿನವರೆಲ್ಲ ತಿರುಗಿ ನೋಡಿದರು. ಕಸ್ತೂರಿ ಕತ್ತನ್ನು ತುಸು ಹಿಂದಕ್ಕೆ ವಾಲಿಸಿ, ಕಣ್ಣು ಬಸ್ಸಿನ ಮಾಡಿನ ಕಡೆಗಿಟ್ಟು, ಗಂಟಲು ಕೆರೆದ ಹಾಗೆ ಒಂದು ಸಪ್ಪಳ ಮಾಡಿದಳು. “ಕ್... ಕುಬಿಆಳ.”

“ಕುಂದಗೋಳೇನು? ಹಂಗಂತ ಹೇಳು.” ಎರಡು ಅರ್ಧ ಟಿಕೀಟು ಹರಿದುಕೊಟ್ಟು ಅವನು ಮುಂದೆ ಹೋದ.

ಅವಳು ಟಿಕೀಟು ಓದಿದಳು. ನಾನೂ ಓದಿದೆ. ಕುಂದಗೋಳದಲ್ಲಿ ಇಳಿದರೂ ನಡೆಯುತ್ತಿತ್ತು, ಅಪ್ಪನ ಸೈಕಲ್ ಅಲ್ಲೇ ಇರುತ್ತಿತ್ತು. ಆದರೆ ಅವಳು ಎದ್ದಳು. ಓಲಾಡುವ ಬಸ್ಸಿನಲ್ಲಿ ನಿಂತವರ ನಡುವೆ ತೂರಿಕೊಂಡು ಹೋಗಿ ಕಂಡಕ್ಟರನ ಭುಜ ತಟ್ಟಿದಳು. ನಾನು ಅರ್ಧ ಎದ್ದವಳು ಮತ್ತೆ ಕೂತೆ. ಎಂಜಿನ್ ಸಪ್ಪಳದಲ್ಲಿ ನನಗೆ ಏನೂ ಕೇಳಿಸಲಿಲ್ಲ. ಅವಳು ಟಿಕೀಟನ್ನು ಅವನ ಮುಂದೆ ಹಿಡಿದದ್ದು, ಬಾಯಿ ತೆರೆದದ್ದು ಕಂಡಿತು. ಅದು ಕ ಆಗಿ ಬಂತೋ ತ ಆಗಿ ಬಂತೋ ಕಾಣುವಂತಿರಲಿಲ್ಲ. ಅವನು ಬಗ್ಗಿ ಅವಳ ಮುಖವನ್ನೇ ನೋಡಿದ. ಆಮೇಲೆ ಇಬ್ಬರೂ ಜನರನ್ನು ಸರಿಸುತ್ತ ನಮ್ಮ ಸೀಟಿಗೆ ಬಂದರು.

“ಕುಬಿಹಾಳ ಅಂತ ಮೊದಲ ಹೇಳಬಾರದೇನವಾ?” ಅಂದ ಅವನು.

“ಏಳೇನ್ರಿ,” ಅಂದಳು ಕಸ್ತೂರಿ. “ನಾಲ್ತ ಸರತಿ.”

ಅವನು ಹಳೆಯ ಟಿಕೀಟು ವಾಪಸು ತೆಗೆದುಕೊಂಡ.

“ಹೌದವಾ, ನಾಲ್ಕ ಸರತಿ ಹೇಳಿದಿ,” ಎಂದು ಹೊಸ ಟಿಕೀಟು ಹರಿದು ಅವಳ ಕೈಗೆ ಕೊಟ್ಟ.